ಕುದ್ಮುಲ್ ರಂಗರಾಯರು: ಕೋರ್ಟಿನಿಂದ ಕೇರಿಗೆ ನಡೆದ ವಕೀಲರು



ಮನುಷ್ಯರನ್ನು ಬೇರೆ ಬೇರೆ ನಿಲ್ಲಿಸುವ ಪದ್ಧತಿಯ ವಿರುದ್ಧ ಹೋರಾಡಿದ ವಕೀಲರ ಹೆಸರುಗಳು ನಿಮಗೆ ಹೊಸವಲ್ಲ. 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದೂಡಲ್ಪಟ್ಟ ಗಾಂಧೀಜಿ, 1952ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಗೆಳೆಯ ಆಲಿವರ್ ಟಾಂಬೋರೊಡನೆ ವಕೀಲಿ ಕಚೇರಿ ತೆರೆದ ನೆಲ್ಸನ್ ಮಂಡೇಲಾ, ಅಮೆರಿಕದ ಶಾಲೆಗಳಲ್ಲಿದ್ದ ಬಿಳಿಯ-ಕರಿಯ ಭೇದವನ್ನು 1954ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸೋಲಿಸಿದ ಥರ್ಗುಡ್ ಮಾರ್ಷಲ್, ಇವರೆಲ್ಲರೂ ಸಮಾಜ ಪಾಠದ ತರಗತಿಗಳಲ್ಲಿ ಬಂದುಹೋದವರೇ. ಇದೇ ಸಾಲಿನಲ್ಲಿ ನಿಲ್ಲಬೇಕಾದ, ಇವರಿಗಿಂತ ಮೊದಲೇ ಕೆಲಸ ಆರಂಭಿಸಿದ ವಕೀಲರೊಬ್ಬರು ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿದ್ದರು. ಅವರೇ ಕುದ್ಮುಲ್ ರಂಗರಾಯರು. ಘಟ್ಟದ ಕೆಳಗಿನವರಿಗೆ ಅವರು ಮನೆಮಾತು. ಘಟ್ಟದ ಮೇಲಿನ ನಮ್ಮ ಕಡೂರು, ತರೀಕೆರೆಯ ಸೀಮೆಯಲ್ಲಿ ಅವರ ಹೆಸರು ಕೇಳಿದವರು ವಿರಳ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ತಾಲ್ಲೂಕಿನ ಕುದ್ಮುಲ್ ಗ್ರಾಮದಲ್ಲಿ. ಕಾಸರಗೋಡು ಇಂದು ಕೇರಳದಲ್ಲಿದ್ದರೂ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಸಾರಸ್ವತ ಬ್ರಾಹ್ಮಣ ಕುಟುಂಬ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಮಂಗಳೂರಿಗೆ ಬಂದು ಮಾಸ್ತರಿಕೆ ಮಾಡುತ್ತ, ಖಾಸಗಿಯಾಗಿ ಓದುತ್ತ, ಪ್ಲೀಡರ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ವಕೀಲನಾದ. ಮೇಷ್ಟ್ರಾಗಿದ್ದವರು ವಕೀಲರಾದರು, ವಕೀಲರಾದ ಮೇಲೆ ಮತ್ತೆ ಶಾಲೆಗೇ ಮರಳಿದರು. ಆ ಮರಳುವಿಕೆಯ ಕಾರಣವನ್ನು ತಿಳಿದರೆ ಅವರ ಜೀವನದ ತಿರುಳು ತಿಳಿದಂತೆ.

ಆ ಕಾಲದ ಕೋರ್ಟುಗಳು ಅಸ್ಪೃಶ್ಯತೆಯನ್ನು ಹೇಗೆ ಕಾಣುತ್ತಿದ್ದವು ಎಂಬುದಕ್ಕೆ ಅದೇ ಮದರಾಸು ಪ್ರಾಂತ್ಯದ ಒಂದು ಮೊಕದ್ದಮೆಯನ್ನು ನೋಡೋಣ. 1897ರಲ್ಲಿ ತಮಿಳು ಸೀಮೆಯ ಕಮುದಿ ಎಂಬ ಊರಿನಲ್ಲಿ ನಾಡಾರ್ ಜನ ದೇವಸ್ಥಾನವನ್ನು ಪ್ರವೇಶಿಸಿದರು. ಅವರ ಮೇಲೆ ದಾವೆ ಹೂಡಲಾಯಿತು. ಕೆಳಗಿನ ಕೋರ್ಟಿನಿಂದ ಮದರಾಸಿನ ಹೈಕೋರ್ಟಿಗೆ, ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದ ಈ ವ್ಯಾಜ್ಯದಲ್ಲಿ 1908ರಲ್ಲಿ ಕೊನೆಯ ತೀರ್ಪು ಬಂದಾಗ ಸೋತವರು ನಾಡಾರರೇ. ಅವರನ್ನು ಹೊರಗಿಡುವುದು ಹಿಂದಿನಿಂದ ನಡೆದುಬಂದ ರೂಢಿ, ರೂಢಿಯನ್ನು ಕೋರ್ಟು ಎತ್ತಿಹಿಡಿಯಬೇಕು ಎಂಬುದು ತೀರ್ಪಿನ ಸಾರ. ನ್ಯಾಯ ಕೇಳಲು ಹೋದವನ ಎದುರು ರೂಢಿಯೇ ಕಾನೂನಾಗಿ ಕುಳಿತಿರುತ್ತಿತ್ತು. ಕಮುದಿಯ ಈ ಗಲಾಟೆ ಆರಂಭವಾದ 1897ರಲ್ಲೇ ಮಂಗಳೂರಿನಲ್ಲಿ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಎರಡೂ ಒಂದೇ ವರ್ಷದ ಸಂಗತಿಗಳಾದದ್ದು ಕಾಕತಾಳೀಯವಿರಬಹುದು. ಆದರೆ ಇವನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಾನೂನು ಬಲ್ಲವನಿಗೆ ಕಾನೂನಿನ ಮಿತಿಯೂ ಗೊತ್ತಿರುತ್ತದೆ. ವಾದದಿಂದ ಗೆಲ್ಲಲಾಗದ್ದನ್ನು ಬೇರೆ ದಾರಿಯಿಂದ ಗೆಲ್ಲಬೇಕಾಗಿತ್ತು.

ಆ ದಾರಿಯ ಮೊದಲ ಹೆಜ್ಜೆ ಅದಕ್ಕೂ ಐದು ವರ್ಷ ಮುಂಚೆಯೇ ಬಿದ್ದಿತ್ತು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ರಂಗರಾಯರು ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಇನ್ನೂ ಹೋಗಿರಲಿಲ್ಲ. ಅಂಬೇಡ್ಕರರು ಆಗ ಒಂದು ವರ್ಷದ ಹಸುಗೂಸು. ಶಾಲೆಗೆ ಎದುರಾದ ತೊಡಕುಗಳು ಒಂದೆರಡಲ್ಲ. ಮೇಲ್ಜಾತಿಯ ಉಪಾಧ್ಯಾಯರು ಕಲಿಸಲು ಬರಲೊಲ್ಲರು, ಹಾಗಾಗಿ ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ಮಕ್ಕಳು ಶಾಲೆಗೆ ಬಂದರೆ ಮನೆಯಲ್ಲಿ ಅವರ ದುಡಿಮೆ ತಪ್ಪುತ್ತಿತ್ತು, ಅದಕ್ಕಾಗಿ ಮಗುವನ್ನು ಕಳುಹಿಸಿದ ತಂದೆತಾಯಿಗಳಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂದು ಮಧ್ಯಾಹ್ನ ಊಟ ಹಾಕಿದರು. ಇಂದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಪಾತ್ರೆ ಕಾಣುವಾಗಲೆಲ್ಲ ನನಗೆ ಆ ಎರಡು ಪೈಸೆಯ ನೆನಪಾಗುತ್ತದೆ. ಬಡವರ ಮಗು ಶಾಲೆ ಬಿಡುವುದು ದಡ್ಡತನದಿಂದಲ್ಲ, ಮನೆಯ ಲೆಕ್ಕಾಚಾರದಿಂದ ಎಂಬ ಸತ್ಯ ಅವರಿಗೆ ಅಷ್ಟು ಹಿಂದೆಯೇ ಹೊಳೆದಿತ್ತು.

ಒಂದು ಶಾಲೆ ಹಲವಾಯಿತು. ಮಂಗಳೂರಿನ ಬೇರೆ ಬೇರೆ ಕಡೆಗಳಲ್ಲಿ, ಮುಂದೆ ಉಡುಪಿಯ ಕಡೆಗೂ ಶಾಲೆಗಳು ಬಂದವು. ಶೇಡಿಗುಡ್ಡೆಯಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳನ್ನು ಕಲಿಸಲಾಯಿತು. ಅನಂತರ ಅವರ ಗಮನ ಮನೆಯ ಕಡೆಗೆ ಹೋಯಿತು. ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡವನು ಒಡೆಯನ ಮಾತು ಮೀರಿ ಮಗನನ್ನು ಓದಿಸುವುದು ಹೇಗೆ? ಆದ್ದರಿಂದ ನಿವೇಶನಗಳನ್ನು ಪಡೆದು ದಲಿತ ಕುಟುಂಬಗಳನ್ನು ನೆಲೆಗೊಳಿಸಿದರು. ಆಮೇಲೆ ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ದಲಿತರಿಗೆ ಸ್ಥಾನ ಬೇಕೆಂದು ಒತ್ತಾಯಿಸಿದರು. ಅಕ್ಷರ, ಕಸುಬು, ನೆಲ, ಅಧಿಕಾರ. ಈ ಕ್ರಮವನ್ನು ಗಮನಿಸಿ. ಒಬ್ಬ ಒಳ್ಳೆಯ ವಕೀಲ ಸಾಕ್ಷ್ಯಗಳನ್ನು ಒಂದರ ಮೇಲೊಂದು ಜೋಡಿಸುವಂತೆ ಅವರು ಕೆಲಸಗಳನ್ನು ಜೋಡಿಸಿದರು. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಮಿಷನ್ನನ್ನು ಆರಂಭಿಸಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷ ತಡವಾಗಿ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ದಲಿತರಿಗೆ ಪ್ರತ್ಯೇಕ ಶಾಲೆ ತೆರೆಯುವುದೂ ಒಂದು ಬಗೆಯ ಪ್ರತ್ಯೇಕತೆಯೇ ಅಲ್ಲವೇ? ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ, ಸೌಲಭ್ಯ ಸಮಾನವಾಗಿದ್ದರೆ ಬೇರೆ ಬೇರೆ ಇಡುವುದು ತಪ್ಪಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ನೆರಳಿನಲ್ಲಿ ಕರಿಯ ಮಕ್ಕಳು ಐವತ್ತೆಂಟು ವರ್ಷ ಮುರುಕು ಶಾಲೆಗಳಲ್ಲಿ ಕುಳಿತರು. ಮಂಗಳೂರಿನ ಶಾಲೆಗಳು ಅದೇ ಜಾತಿಯವಲ್ಲವೇ ಎಂದರೆ, ಅಲ್ಲವೆಂದೇ ನನ್ನ ಉತ್ತರ. ಅಲ್ಲಿ ಪ್ರತ್ಯೇಕ ಶಾಲೆ ಕಟ್ಟಿದ್ದು ಮಕ್ಕಳನ್ನು ಶಾಶ್ವತವಾಗಿ ಹೊರಗಿಡುವುದಕ್ಕೆ. ಇಲ್ಲಿ ಕಟ್ಟಿದ್ದು, ಹೊರಗಿಡಲ್ಪಟ್ಟ ಮಕ್ಕಳು ಓದಿ ಒಳಗೆ ಬರುವ ಶಕ್ತಿ ಪಡೆಯಲೆಂದು. ನಮ್ಮ ಮೈಸೂರು ಸಂಸ್ಥಾನದಲ್ಲೂ ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂಬ ಆಜ್ಞೆ ಹೊರಟಿದ್ದು 1915ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆಜ್ಞೆ ಹೊರಟ ಮಾತ್ರಕ್ಕೆ ಹಳ್ಳಿಯ ಮನಸ್ಸು ಬದಲಾಗಲಿಲ್ಲ. ನನ್ನ ಬಾಲ್ಯದಲ್ಲಿ, ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೂ, ಚೌಳಹಿರಿಯೂರಿನ ಸುತ್ತಿನ ಹಳ್ಳಿಗಳಲ್ಲಿ ಊರ ಬಾವಿ ಬೇರೆ, ಕೇರಿಯ ಬಾವಿ ಬೇರೆ ಇದ್ದುದನ್ನು ಕಂಡಿದ್ದೇನೆ. ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೆಲವರಿಗೆಂದೇ ಇಟ್ಟ ಲೋಟ, ಕುಡಿದವರೇ ಅದನ್ನು ತೊಳೆದಿಡುತ್ತಿದ್ದ ರೀತಿ, ನಿಮ್ಮಲ್ಲಿ ಹಿರಿಯರಾದವರಿಗೂ ನೆನಪಿರಬೇಕು. ಅಷ್ಟರಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿಯೂ 1955ರ ಕಾಯಿದೆಯೂ ಜಾರಿಗೆ ಬಂದಾಗಿತ್ತು. ಆಫ್ರಿಕದಲ್ಲಿ ಚರ್ಮದ ಬಣ್ಣ ನೋಡಿ ಬೇರೆ ಮಾಡಿದರು, ನಮ್ಮಲ್ಲಿ ಹುಟ್ಟಿದ ಕೇರಿ ನೋಡಿ. ದೂರ ನಿಲ್ಲಿಸಲ್ಪಟ್ಟವನ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ.

ರಂಗರಾಯರು ಇದಕ್ಕೆಲ್ಲ ಬೆಲೆ ತೆತ್ತರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಬಂಧುಬಳಗ ದೂರವಾಯಿತು. ಬ್ರಹ್ಮಸಮಾಜದ ವಿಚಾರಗಳನ್ನು ಒಪ್ಪಿದ್ದ ಅವರು ಹಿಮ್ಮೆಟ್ಟಲಿಲ್ಲ. ಮಗಳು ರಾಧಾಬಾಯಿಯವರ ವಿವಾಹ ತಮಿಳು ಸೀಮೆಯ ಕುಮಾರಮಂಗಲದ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಅದೂ ಜಾತಿಯ ಗಡಿ ದಾಟಿದ ಮದುವೆ. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಅವರ ಮಗ ಜನರಲ್ ಪಿ. ಪಿ. ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಮುಪ್ಪಿನಲ್ಲಿ ರಂಗರಾಯರು ತಮ್ಮ ಮಿಷನ್ನನ್ನು ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ಕೊನೆಗೆ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವಸಂಸ್ಕಾರವನ್ನು ದಲಿತರೇ ನೆರವೇರಿಸಬೇಕೆಂದು ಮೊದಲೇ ತಿಳಿಸಿದ್ದರು. ವಕೀಲರು ಬರೆಯಿಸುವ ಉಯಿಲುಗಳಲ್ಲಿ ಸಾಮಾನ್ಯವಾಗಿ ಮನೆ, ಗದ್ದೆ, ಒಡವೆಗಳ ಮಾತಿರುತ್ತದೆ. ಈ ವಕೀಲರು ತಮ್ಮ ದೇಹವನ್ನು ಯಾರು ಮುಟ್ಟಬೇಕು ಎಂಬುದನ್ನು ಇಚ್ಛೆಯಾಗಿ ಬಿಟ್ಟುಹೋದರು. ಮುಟ್ಟಬಾರದು ಎಂಬ ರೂಢಿಗೆ ಅದು ಅವರ ಕೊನೆಯ ಉತ್ತರ.

ಅವರು ತೀರಿಕೊಂಡ ಆರು ವರ್ಷಗಳ ನಂತರ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯ ಸಂದರ್ಭದಲ್ಲಿ ಗಾಂಧೀಜಿ ಮಂಗಳೂರಿಗೆ ಬಂದರು. ಅಸ್ಪೃಶ್ಯತಾ ನಿವಾರಣೆಯಲ್ಲಿ ರಂಗರಾಯರು ತಮಗೆ ಗುರುಸಮಾನರೆಂದು ಅವರು ಹೇಳಿದರೆಂದು ಆ ಕಡೆಯ ಜನ ಇಂದಿಗೂ ಹೆಮ್ಮೆಯಿಂದ ಸ್ಮರಿಸುತ್ತಾರೆ. ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರಿದೆ. ಅದೇ ಊರಿನಲ್ಲಿ ಅವರ ಸಮಾಧಿಯೂ ಇದೆ.

ನಿಮ್ಮಲ್ಲಿ ಹಲವರು ಧರ್ಮಸ್ಥಳಕ್ಕೋ ಕಟೀಲಿಗೋ ಹೋಗಿ, ಮಂಗಳೂರು ನೋಡಿಕೊಂಡು ಬರುವವರು. ಮುಂದಿನ ಸಲ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಸಮಾಧಿಗೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ದಲಿತರ ಮಕ್ಕಳು ಓದಿ ದೊಡ್ಡವರಾಗಿ ಊರಿನ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅರ್ಥದ ಅವರ ಮಾತನ್ನು ಅಲ್ಲಿ ಕೆತ್ತಿದ್ದಾರೆ. ನನ್ನ ಶಿಷ್ಯರಲ್ಲಿ ಕೇರಿಯಿಂದ ಬಂದು ಇಂದು ಎಂಜಿನಿಯರರೂ ಉಪಾಧ್ಯಾಯರೂ ಆಗಿರುವವರು ಕೆಲವರಿದ್ದಾರೆ, ಸ್ವಂತ ಕಾರಿನಲ್ಲೇ ಊರಿಗೆ ಬರುತ್ತಾರೆ. ಅವರು ಇದನ್ನು ಓದುತ್ತಿದ್ದರೆ, ಆ ಮಾತು ತಮ್ಮನ್ನು ಕುರಿತೇ ಬರೆದದ್ದೆಂದು ತಿಳಿಯಲಿ.