ಕುಟುಂಬದ ದೂರು, ತನಿಖೆಯ ಅಂಕಿ: ಇಂಗ್ಲೆಂಡಿನ ಹೆರಿಗೆ ವಿಭಾಗಗಳ ವಿಚಾರಣಾ ವರದಿಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಆಸ್ಪತ್ರೆಯಲ್ಲಿ ಗಂಭೀರ ಅವಘಡ ನಡೆದ ಮೇಲಿನ ತನಿಖೆಯಲ್ಲಿ ರೋಗಿಗೆ, ಅವರ ಮನೆಯವರಿಗೆ ಏನು ಸ್ಥಾನ ಎಂಬ ಚರ್ಚೆ ಹೆಚ್ಚಾಗಿ ಅನುಕಂಪದ ನೆಲೆಯಲ್ಲಿ ನಡೆಯುತ್ತದೆ. ಇಲ್ಲಿಯ ಪ್ರಶ್ನೆ ಅದಕ್ಕಿಂತ ಕಿರಿದು. ಕುಟುಂಬದವರು ಯಾವ ಹಂತದಲ್ಲಿ, ಯಾರ ಮೂಲಕ ತನಿಖೆಯೊಳಗೆ ಬಂದರು ಎಂಬುದರಿಂದ ತನಿಖೆಯ ಅಂಕಿಗಳೇ ಬದಲಾಗುತ್ತವೆಯೆ? ಆಧಾರವಾಗಿ ಮುಖ್ಯವಾಗಿ ಮೋರ್‌ಕ್ಯಾಂಬ್ ಬೇ (2015), ಶ್ರೂಸ್‌ಬರಿ–ಟೆಲ್‌ಫರ್ಡ್ (2020, 2022) ಮತ್ತು ಈಸ್ಟ್ ಕೆಂಟ್ (2022) ವರದಿಗಳನ್ನು ಇಟ್ಟುಕೊಳ್ಳಲಾಗಿದೆ. ಮೊದಲನೆಯದು ಮತ್ತು ಕೊನೆಯದು ಬಿಲ್ ಕರ್ಕಪ್ ಅವರ ನೇತೃತ್ವದವು. ನಡುವಿನದು ಡೊನಾ ಓಕೆಂಡನ್ ಅವರದು.

2. ಕಾನೂನಿನ ಹಿನ್ನೆಲೆ

ಇಂಗ್ಲೆಂಡಿನಲ್ಲಿ ಅವಘಡದ ವಿಷಯವನ್ನು ರೋಗಿಗೆ ಅಥವಾ ಅವರ ಪರವಾಗಿ ಇರುವವರಿಗೆ ಮುಚ್ಚಿಡದೆ ತಿಳಿಸುವುದು ಆರೋಗ್ಯ ಸೇವೆಗಳ ಕುರಿತ 2014ರ ನಿಯಮಾವಳಿಯ 20ನೇ ನಿಯಮದ ಪ್ರಕಾರ ಕಡ್ಡಾಯ. ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟ್‌ಗಳಿಗೆ ಇದು 2014ರ ನವೆಂಬರ್ 27ರಿಂದ, ಉಳಿದ ಸಂಸ್ಥೆಗಳಿಗೆ 2015ರ ಏಪ್ರಿಲ್ 1ರಿಂದ ಅನ್ವಯಿಸಿತು. ಮುಂದೆ ಚರ್ಚಿಸುವ ಪ್ರಕರಣಗಳಲ್ಲಿ ಬಹುಪಾಲು ಈ ದಿನಾಂಕಗಳಿಗಿಂತ ಹಿಂದಿನವು. ಆದ್ದರಿಂದ ಅವುಗಳನ್ನು ಈ ನಿಯಮದ ಸೋಲು ಅಥವಾ ಗೆಲುವಿನ ಸಾಕ್ಷ್ಯವಾಗಿ ಓದುವುದು ಸರಿಯಾಗಲಾರದು.

3. ಮೋರ್‌ಕ್ಯಾಂಬ್ ಬೇ: ಎಣಿಕೆಯ ಘಟಕ

2015ರ ಮಾರ್ಚ್ 3ರಂದು ಹೊರಬಂದ ವರದಿ ಬ್ಯಾರೋ ಪಟ್ಟಣದ ಫರ್ನೆಸ್ ಜನರಲ್ ಆಸ್ಪತ್ರೆಯ ಆರೈಕೆಯಲ್ಲಿ ಗಮನಾರ್ಹ ಅಥವಾ ಭಾರೀ ಲೋಪದ 20 ನಿದರ್ಶನಗಳನ್ನು ಗುರುತಿಸಿತು. ಇವುಗಳೊಂದಿಗೆ ತಳಕು ಹಾಕಿದ ಸಾವುಗಳು ಮೂವರು ತಾಯಂದಿರದು ಮತ್ತು 16 ಶಿಶುಗಳದು, ಅಂದರೆ 19. ಇದನ್ನು ವ್ಯತ್ಯಾಸವೆಂದು ಭಾವಿಸಬೇಕಿಲ್ಲ: 20 ಎಂಬುದು ಲೋಪಗಳ ಎಣಿಕೆ, 19 ಸಾವುಗಳದು. ಬೇರೆ ರೀತಿಯ ಚಿಕಿತ್ಸೆ ಸಿಕ್ಕಿದ್ದರೆ ಒಬ್ಬ ತಾಯಿಯ ಮತ್ತು 11 ಶಿಶುಗಳ ಸಾವು (ಒಟ್ಟು 12) ತಪ್ಪುತ್ತಿತ್ತೆಂದು ನಿರೀಕ್ಷಿಸಬಹುದಿತ್ತು ಎಂಬುದು ವರದಿಯ ನಿರ್ಣಯ. ಈ ಮೂರೂ ಅಂಕಿಗಳನ್ನು ‘ಸಾವಿನ ಸಂಖ್ಯೆ’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ತಪ್ಪು.

ದಿನಾಂಕಗಳೂ ಗಮನಾರ್ಹ. ತಪಾಸಣಾ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ 2010ರ ಏಪ್ರಿಲ್‌ನಲ್ಲಿ ಈ ಆಸ್ಪತ್ರೆಯನ್ನು ನಡೆಸುವ ಮೋರ್‌ಕ್ಯಾಂಬ್ ಬೇ ಟ್ರಸ್ಟ್‌ಗೆ ಯಾವ ಷರತ್ತೂ ಇಲ್ಲದೆ ನೋಂದಣಿ ನೀಡಿತು. 2008ರಲ್ಲಿ ಮಗುವನ್ನು ಕಳೆದುಕೊಂಡ ಹೆತ್ತವರು ಅಷ್ಟರಲ್ಲಾಗಲೇ ದೂರು ಎತ್ತಿದ್ದರು. ಆ ಶಿಶುವಿನ ಉಷ್ಣತೆ, ಉಸಿರಾಟಗಳನ್ನು ಬರೆದಿಡಬೇಕಾದ ಹಾಳೆ ಕಡತದಿಂದ ಕಾಣೆಯಾಗಿತ್ತು. ಹಾಳೆಯೇ ಇಲ್ಲದ ಕಡೆ, ಮಗುವಿನ ಪಕ್ಕದಲ್ಲಿದ್ದವರ ನೆನಪೂ ಸಾಕ್ಷ್ಯವೇ. ಅದನ್ನು ಭಾವನೆಯ ಮಾತೆಂದು ಬದಿಗಿಡುವುದಕ್ಕೆ ವಿಧಾನದ ದೃಷ್ಟಿಯಿಂದ ಸಮರ್ಥನೆ ಕಾಣುವುದಿಲ್ಲ.

4. ಶ್ರೂಸ್‌ಬರಿ–ಟೆಲ್‌ಫರ್ಡ್: 23ರಿಂದ 1,486

ಈ ಪರಿಶೀಲನೆಯ ಮೂಲ, 2009 ಮತ್ತು 2016ರಲ್ಲಿ ಹೆಣ್ಣುಶಿಶುಗಳನ್ನು ಕಳೆದುಕೊಂಡ ಎರಡು ಕುಟುಂಬಗಳ ಮನವಿ. ಬೇರೆ ಪ್ರಕರಣಗಳನ್ನೂ ಅವರೇ ಹುಡುಕಿ ಸೇರಿಸಿದ್ದರು. 2017ರಲ್ಲಿ ಆದೇಶವಾದಾಗ ಪಟ್ಟಿಯಲ್ಲಿದ್ದವು 23 ಪ್ರಕರಣಗಳು. 2020ರಲ್ಲಿ ಹೇಳಲಾದ ಸಂಖ್ಯೆ 1,862 ಕುಟುಂಬಗಳು. ಅದೇ ವರ್ಷದ ಡಿಸೆಂಬರ್ 10ರ ಮೊದಲ ವರದಿ ಆಧರಿಸಿದ್ದು 250 ಪ್ರಕರಣಗಳನ್ನು. 2022ರ ಮಾರ್ಚ್ 30ರ ಅಂತಿಮ ವರದಿಯಲ್ಲಿರುವುದು 1,486 ಕುಟುಂಬಗಳು, 1,592 ಘಟನೆಗಳು.

ಈ ಅಂಕಿಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. 1,862 ಎಂಬುದು ಗುರುತಿಸಲಾದವರ ಎಣಿಕೆ; 1,486 ಪರಿಶೀಲನೆ ಪೂರ್ಣಗೊಂಡವರದು; ಒಂದೇ ಕುಟುಂಬದಲ್ಲಿ ಒಂದಕ್ಕಿಂತ ಹೆಚ್ಚು ಘಟನೆ ಇರಬಹುದಾದ್ದರಿಂದ 1,592. ಅವಧಿಯ ವಿಷಯದಲ್ಲೂ ಎಚ್ಚರ ಬೇಕು. ಪ್ರಕರಣಗಳಲ್ಲಿ ಹೆಚ್ಚಿನವು 2000–2019ರವಾದರೂ ಅತಿ ಹಳೆಯದು 1973ರದು, ಇತ್ತೀಚಿನದು 2020ರದು. ಹೀಗಾಗಿ ವರ್ಷಕ್ಕೆ ಇಷ್ಟು ಎಂಬ ಸರಾಸರಿ ತೆಗೆದರೆ ಅದಕ್ಕೆ ಹೆಚ್ಚಿನ ಅರ್ಥವಿರದು.

ಪಟ್ಟಿ ಎರಡು ಕಡೆಯಿಂದ ಬೆಳೆಯಿತು: ಕುಟುಂಬಗಳು ತಾವಾಗಿ ಮುಂದೆ ಬಂದವು, ಟ್ರಸ್ಟ್‌ನ ದಾಖಲೆಗಳನ್ನು ಜಾಲಾಡಿದಾಗಲೂ ಪ್ರಕರಣಗಳು ಸಿಕ್ಕವು. ಪರಿಶೀಲಿಸಿದ ನಿರ್ಜೀವ ಜನನಗಳಲ್ಲಿ ಶೇ. 40ಕ್ಕೆ, ನವಜಾತ ಶಿಶು ಮರಣಗಳಲ್ಲಿ ಶೇ. 43ಕ್ಕೆ ಟ್ರಸ್ಟ್ ಆಂತರಿಕ ತನಿಖೆಯನ್ನೇ ನಡೆಸಿರಲಿಲ್ಲ ಎಂಬ ಅಂಶ ಇಲ್ಲಿ ಪ್ರಸ್ತುತ. ಆಂತರಿಕ ತನಿಖಾ ವರದಿಗಳನ್ನಷ್ಟೇ ನೋಡುವ ತಪಾಸಕರಿಗೆ ಇವು ಕಣ್ಣಿಗೆ ಬೀಳುವ ಸಂಭವ ಕಡಿಮೆ. ಕೇರ್ ಕ್ವಾಲಿಟಿ ಕಮಿಷನ್‌ನ 2015ರ ತಪಾಸಣಾ ವರದಿಯಲ್ಲಿ ಇದೇ ಹೆರಿಗೆ ವಿಭಾಗಕ್ಕೆ ‘ಉತ್ತಮ’ ಎಂಬ ಶ್ರೇಣಿ ದೊರೆತಿತ್ತು. ಆ ಶ್ರೇಣಿಗೆ ಕಾರಣ ತನಿಖೆ ನಡೆಯದಿದ್ದುದೊಂದೇ ಎನ್ನಲು ಆಧಾರ ಸಾಲದು.

5. ಈಸ್ಟ್ ಕೆಂಟ್: ಕೇಳುವ ಅನುಕ್ರಮ

2009ರಿಂದ 2020ರವರೆಗಿನ 202 ಪ್ರಕರಣಗಳನ್ನು ನೋಡಿದ ಈಸ್ಟ್ ಕೆಂಟ್‌ನ ವಿಚಾರಣಾ ಸಮಿತಿ ಮೊದಲು ಕುಟುಂಬದವರನ್ನು ಕೇಳಿತು. ಕಡತ, ಸಿಬ್ಬಂದಿ ಆಮೇಲೆ. 2022ರ ಅಕ್ಟೋಬರ್ 19ರ ವರದಿಯ ಪ್ರಕಾರ 97 ಪ್ರಕರಣಗಳಲ್ಲಿ (ಶೇ. 48) ಫಲಿತಾಂಶ ಬೇರೆಯಾಗಬಹುದಿತ್ತು, 65 ಶಿಶು ಮರಣಗಳ ಪೈಕಿ 45ರಲ್ಲಿ ಹೀಗೆ. ಆದರೆ 97ರಲ್ಲಿ 69 ‘ಬೇರೆಯಾಗುತ್ತಿತ್ತೆಂದು ಸಮಂಜಸವಾಗಿ ನಿರೀಕ್ಷಿಸಬಹುದು’ ಎಂಬ ದರ್ಜೆಯವು, 28 ‘ಬೇರೆಯಾಗಬಹುದಿತ್ತೇನೋ’ ಎಂಬ ದರ್ಜೆಯವು. ಮೋರ್‌ಕ್ಯಾಂಬ್ ಬೇಯ 12ರೊಂದಿಗೆ ಹೋಲಿಸುವುದಾದರೆ ಮೊದಲ ದರ್ಜೆಯನ್ನಷ್ಟೇ ತೆಗೆದುಕೊಳ್ಳಬೇಕು. ಶೇ. 48 ಎಂಬುದೂ ಆ ಆಸ್ಪತ್ರೆಗಳ ಎಲ್ಲ ಹೆರಿಗೆಗಳ ಪ್ರಮಾಣವಲ್ಲ. ಸಮಿತಿಯ ಮುಂದೆ ಬಂದವರ ಪ್ರಮಾಣ.

6. ಮುಂದೆ ಬಾರದವರು

ನಾಟಿಂಗ್‌ಹ್ಯಾಮ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಓಕೆಂಡನ್ ಅವರೇ ಆರಂಭಿಸಿದ ಪರಿಶೀಲನೆಯಲ್ಲಿ ಒಪ್ಪಿಗೆ ಬರೆದುಕೊಟ್ಟವರ ಪ್ರಕರಣವನ್ನು ಮಾತ್ರ ಸೇರಿಸುವ ಕ್ರಮವಿತ್ತು. ಪ್ರತಿಕ್ರಿಯೆ ಕಡಿಮೆಯಾಯಿತು, ಅಲ್ಪಸಂಖ್ಯಾತ ಜನಾಂಗಗಳಲ್ಲಂತೂ ಇನ್ನೂ ಕಡಿಮೆ. 2023ರ ಜುಲೈನಲ್ಲಿ ಕ್ರಮವನ್ನು ತಿರುವಲಾಯಿತು: ಬೇಡವೆಂದವರನ್ನು ಬಿಟ್ಟು ಉಳಿದೆಲ್ಲರೂ ಸೇರುವಂತಾಯಿತು. ಬಳಿಕ ಸಂಖ್ಯೆ ಸುಮಾರು 2,500 ಕುಟುಂಬಗಳಿಗೆ ಮುಟ್ಟಿತು. ಏರಿಕೆಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಸೇರ್ಪಡೆಯ ನಿಯಮವನ್ನು ಹೇಳದೆ ಈ ಅಂಕಿಯನ್ನು ಶ್ರೂಸ್‌ಬರಿಯ 1,486ರ ಪಕ್ಕದಲ್ಲಿ ಇಡುವುದು ಯುಕ್ತವಲ್ಲ.

7. ಭಾರತದ ಕ್ರಮದ ಕುರಿತು ಒಂದು ಮಾತು

ಕರ್ನಾಟಕಕ್ಕೂ ಅನ್ವಯಿಸುವ ತಾಯಿ ಮರಣ ಪರಿಶೀಲನೆಯ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ (2010, ಪರಿಷ್ಕೃತ 2017) ಮನೆಗೇ ಹೋಗಿ ಕುಟುಂಬದವರಿಂದ ಸಾವಿನ ವಿವರ ಕೇಳಿ ಬರೆದುಕೊಳ್ಳುವ ವ್ಯವಸ್ಥೆಯಿದೆ. 2010ರ ಮಾರ್ಗಸೂಚಿಯ ಪ್ರಕಾರ ಜಿಲ್ಲಾಧಿಕಾರಿಗಳ ಪರಿಶೀಲನಾ ಸಭೆಗೂ ಮೃತ ತಾಯಿಯ ಜೊತೆಗಿದ್ದ ಬಂಧುಗಳನ್ನು ಕರೆಯಬೇಕು. ಅವರ ಹೇಳಿಕೆ ಮೊದಲು. ಅದು ಮುಗಿದ ಮೇಲೆ ಅವರನ್ನು ಕಳುಹಿಸಿ ವೈದ್ಯರೊಂದಿಗೆ ಚರ್ಚೆ. ಮೊದಲು ಕುಟುಂಬವನ್ನು ಕೇಳುವುದರಲ್ಲಿ ಇದು ಈಸ್ಟ್ ಕೆಂಟ್‌ನ ಕ್ರಮಕ್ಕೆ ಹತ್ತಿರ. ಆದರೆ ವೈದ್ಯರು ಕೊಟ್ಟ ಉತ್ತರ ತಮ್ಮ ಅನುಭವಕ್ಕೆ ತಾಳೆಯಾಗುತ್ತದೆಯೆ ಎಂದು ನೋಡುವ ಅವಕಾಶ ಆ ಸಭೆಯಲ್ಲಿ ಬಂಧುಗಳಿಗೆ ಇಲ್ಲ. ಇಂಥ ವರದಿಗಳ ಅಂಕಿಗಳನ್ನು ಉಲ್ಲೇಖಿಸುವವರು ಕುಟುಂಬದವರನ್ನು ಸೇರಿಸಿಕೊಂಡ ನಿಯಮವನ್ನೂ, ಅವರನ್ನು ಕೇಳಿದ ಹಂತವನ್ನೂ ಅಂಕಿಯ ಜೊತೆಯಲ್ಲೇ ನಮೂದಿಸಬೇಕೆಂದು ಕೋರಿಕೆ.