ಅನುದಾನವೂ ಸತ್ಯವೇದದ ತಾಸೂ

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿಯೂ ನೆಲೆಸಿದರು. ಅವರು ಶಾಲೆ ತೆರೆದದ್ದು ಮೊದಲಾಗಿ ಜನರು ಸತ್ಯವೇದವನ್ನು ಓದಬಲ್ಲವರಾಗಲೆಂದು. 1854ರ ವುಡ್ ನಿರೂಪವು ಇಂಥ ಶಾಲೆಗಳಿಗೂ ಸರಕಾರಿ ಅನುದಾನವನ್ನು ಒದಗಿಸಿತು. ಆದರೆ ಲೌಕಿಕ ವಿದ್ಯೆ ಉತ್ತಮವಾಗಿರಬೇಕು, ಸರಕಾರದ ತನಿಖೆಗೆ ಒಪ್ಪಬೇಕು. ಧರ್ಮಬೋಧೆಯನ್ನು ಮಾತ್ರ ಇನ್ಸ್‌ಪೆಕ್ಟರರು ಗಮನಿಸಕೂಡದು. ಇದನ್ನು ಸ್ವಾತಂತ್ರ್ಯವೆಂದು ಹೊಗಳುವುದುಂಟು. ನನಗದು ಅರ್ಧಸತ್ಯವಾಗಿ ತೋರುತ್ತದೆ. ಮುಂಬಯಿ ಪ್ರಾಂತದಲ್ಲಿ ಪರೀಕ್ಷೆಯ ಫಲ ನೋಡಿ ಅನುದಾನ ಕೊಡುವ ಪದ್ಧತಿ ಬಂದ ಮೇಲೆ, ಪರೀಕ್ಷೆಗಿಲ್ಲದ ಸತ್ಯವೇದದ ತಾಸು ವೇಳಾಪಟ್ಟಿಯ ಮೂಲೆಗೆ ಸರಿಯುವುದು ಸಹಜವೇ ಆಗಿತ್ತು.

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಅದರ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ಕಾಲೇಜಿನ ಹೊಸ್ತಿಲಾಯಿತು. ರೋಣ ಸೀಮೆಯ ಪುರ್ತಗೇರಿಯಂಥ ಹಳ್ಳಿಯ ಹುಡುಗನು ಅದರಲ್ಲಿ ತೇರ್ಗಡೆಯಾದರೂ, 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವ ತನಕ ಕೊಲ್ಲಾಪುರಕ್ಕೋ ಪುಣೆಗೋ ಹೋಗಬೇಕಿತ್ತು. ಇಷ್ಟು ದೂರದ ವಿದ್ಯೆಗೆ ಮಕ್ಕಳನ್ನು ಅಣಿಗೊಳಿಸಲು ಬಯಸಿದ ತಂದೆತಾಯಿಗಳು ಮಿಶನ್ ಹೈಸ್ಕೂಲಿನಲ್ಲಿ ತೇರ್ಗಡೆಯನ್ನೇ ಅರಸಿದರೆ ಅದು ಕೀಳಾದ ಬಯಕೆಯಲ್ಲ. ಬಡ ಕ್ರೈಸ್ತ ಕುಟುಂಬಕ್ಕಂತೂ ಬೇರೆ ದಾರಿ ಎಲ್ಲಿತ್ತು? ಆದರೆ ಅವರ ಮಗನು ಸತ್ಯವೇದವನ್ನು ಎಷ್ಟರಮಟ್ಟಿಗೆ ಅರಿತು ಆ ಹೊಸ್ತಿಲನ್ನು ದಾಟಿದನೆಂದು ಕೇಳುವ ಹೊಣೆ ಸಭೆಯದಾಗಿಯೇ ಉಳಿಯಿತು. ಅದಕ್ಕೆ ಮುಂಬಯಿಯಿಂದ ಪ್ರಶ್ನಪತ್ರಿಕೆ ಬರುತ್ತಿರಲಿಲ್ಲ.