ಗೆಲುವೇ ಇಲ್ಲದ ಆಟ: ಸರಾಯೆವೊದಿಂದ ಶಾಲೆಯ ಓದಿನ ಪಟ್ಟಿಗೆ

2020ರ ಜೂನ್ ತಿಂಗಳಲ್ಲಿ ಪೋಲೆಂಡ್ ದೇಶದ ಅಂದಿನ ಪ್ರಧಾನಿ ಮಾಟೆಯುಶ್ ಮೊರಾವಿಯೆಟ್ಸ್ಕಿ ಒಂದು ಅಪರೂಪದ ಘೋಷಣೆ ಮಾಡಿದರು. ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಸರ್ಕಾರ ಶಿಫಾರಸು ಮಾಡುವ ಓದಿನ ಪಟ್ಟಿಯಲ್ಲಿ ಒಂದು ವಿಡಿಯೋ ಗೇಮ್ ಕೂಡ ಇರುತ್ತದೆ ಎಂದರು. ಅದರ ಹೆಸರು 'ದಿಸ್ ವಾರ್ ಆಫ್ ಮೈನ್'. 18 ವರ್ಷ ತುಂಬಿದವರಿಗೆ ಮಾತ್ರ, ಕಡ್ಡಾಯವಲ್ಲ, ಆದರೆ ಉಚಿತ. "ಮೊಬೈಲ್ ಇಡು, ಪುಸ್ತಕ ತೆಗೆ" ಎಂದು ಮಕ್ಕಳನ್ನು ಗದರುವ ನಮಗೆ ಇದು ವಿಚಿತ್ರ ಸುದ್ದಿ. ಒಂದು ದೇಶ ಗೇಮನ್ನು ಪುಸ್ತಕದ ಸಾಲಿನಲ್ಲಿ ಕೂರಿಸಿದ್ದೇಕೆ ಎಂದು ತಿಳಿಯಬೇಕಾದರೆ ಸುಮಾರು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬೋಸ್ನಿಯಾದ ರಾಜಧಾನಿ ಸರಾಯೆವೊ ಬೆಟ್ಟಗಳ ನಡುವಿನ ಊರು. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಎಂಟೇ ವರ್ಷಗಳಲ್ಲಿ, 1992ರ ಏಪ್ರಿಲ್‌ನಲ್ಲಿ, ಅದೇ ಬೆಟ್ಟಗಳ ಮೇಲೆ ಬೋಸ್ನಿಯನ್ ಸರ್ಬ್ ಪಡೆಗಳ ಫಿರಂಗಿಗಳು ಬಂದು ನಿಂತವು. ಮುತ್ತಿಗೆ 1996ರ ಫೆಬ್ರವರಿವರೆಗೆ, 1,425 ದಿನ ನಡೆಯಿತು. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಗ್ಯಾಸಿಲ್ಲ. ನೀರು ಹಿಡಿಯಲು ಕ್ಯೂ ನಿಂತವರ ಮೇಲೂ ಶೆಲ್ ಬಿತ್ತು. ಚಳಿ ತಡೆಯಲು ಜನ ಪಾರ್ಕಿನ ಮರ ಕಡಿದರು, ಮೇಜು ಕುರ್ಚಿ ಸುಟ್ಟರು, ಕೊನೆಗೆ ಪುಸ್ತಕಗಳನ್ನೂ ಒಲೆಗೆ ಹಾಕಿದರು. 1992ರ ಆಗಸ್ಟ್‌ನಲ್ಲಿ ಶೆಲ್ ದಾಳಿಗೆ ರಾಷ್ಟ್ರೀಯ ಗ್ರಂಥಾಲಯವೇ ಸುಟ್ಟುಹೋಯಿತು. ಮುತ್ತಿಗೆ ಶುರುವಾಗಿ 20 ವರ್ಷ ತುಂಬಿದಾಗ ಸರಾಯೆವೊದ ಮುಖ್ಯ ರಸ್ತೆಯಲ್ಲಿ 11,541 ಕೆಂಪು ಕುರ್ಚಿಗಳನ್ನು ಖಾಲಿ ಇಟ್ಟರು. ಸತ್ತ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ.

ವಾರ್ಸಾ ನಗರದ 'ಇಲೆವೆನ್ ಬಿಟ್ ಸ್ಟುಡಿಯೋಸ್' ಎಂಬ ಕಂಪನಿ 2014ರ ನವೆಂಬರ್‌ನಲ್ಲಿ ಹೊರತಂದ ಈ ಗೇಮಿಗೆ ಮುಖ್ಯ ಪ್ರೇರಣೆ ಸರಾಯೆವೊದ ಈ ಮುತ್ತಿಗೆ. ವಾರ್ಸಾ ಕೂಡ 1944ರಲ್ಲಿ ನೆಲಸಮವಾದ ನಗರ. ಊರಿನೊಳಗಿನ ಯುದ್ಧ ಏನೆಂದು ಅಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗೇಮಿನ ಊರಿನ ಹೆಸರು ಪೊಗೊರೆನ್, ಅದು ಕಲ್ಪಿತ. ಯುದ್ಧದ ಗೇಮ್ ಎಂದರೆ ಬಂದೂಕು ಹಿಡಿದ ಸೈನಿಕ ಎಂದುಕೊಳ್ಳುತ್ತೇವೆ. ಇಲ್ಲಿ ಇರುವವರು ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬ ಅಡುಗೆಯವ, ಒಬ್ಬ ವರದಿಗಾರ್ತಿ, ಹೀಗೆ ನಮ್ಮ ನಿಮ್ಮಂಥವರು. ಒಡೆದ ಮನೆಯೊಂದರಲ್ಲಿ ಸೇರಿಕೊಂಡಿದ್ದಾರೆ. ಹಗಲಲ್ಲಿ ಸ್ನೈಪರ್ ಭಯ, ಮನೆಯಲ್ಲೇ ಇದ್ದು ಒಲೆ, ಮಂಚ ಸರಿಮಾಡಿಕೊಳ್ಳಬೇಕು. ರಾತ್ರಿ ಒಬ್ಬರು ಹೊರಗೆ ಹೋಗಿ ಅನ್ನ, ಸೌದೆ, ಔಷಧ ಹುಡುಕಿ ತರಬೇಕು. ಸಿಕ್ಕ ಪುಸ್ತಕವನ್ನು ಓದಬಹುದು, ಇಲ್ಲವೇ ಸುಟ್ಟು ಮೈ ಕಾಯಿಸಿಕೊಳ್ಳಬಹುದು. ಯುದ್ಧ ಎಂದು ಮುಗಿಯುತ್ತದೆಂದು ಗೊತ್ತಿರುವುದಿಲ್ಲ. ಗೆಲ್ಲುವ ಮಾತೇ ಇಲ್ಲ. ಕದನ ವಿರಾಮದವರೆಗೆ ಜೀವ ಉಳಿಸಿಕೊಂಡರೆ ಅಷ್ಟೇ ಸಾಕು.

ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದರೊಳಗಿನ ಒಂದು ಮನೆ. ಅಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ, ಅವರ ಬಳಿ ಸ್ವಲ್ಪ ಊಟ, ಸ್ವಲ್ಪ ಔಷಧ ಇದೆ. ತಡೆಯುವ ಶಕ್ತಿ ಅವರಿಗಿಲ್ಲ, ಅಜ್ಜ ಬೇಡಿಕೊಳ್ಳುತ್ತಾರೆ ಅಷ್ಟೆ. ಇತ್ತ ನಮ್ಮ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಏರುತ್ತಿದೆ. ತೆಗೆದುಕೊಂಡು ಬಂದರೆ ನಮ್ಮವರು ಉಳಿಯುತ್ತಾರೆ. ಆದರೆ ಎಲ್ಲವನ್ನೂ ದೋಚಿ, ಕೆಲವು ದಿನ ಬಿಟ್ಟು ಮತ್ತೆ ಹೋದರೆ ಆ ಮನೆಯಲ್ಲಿ ಜೀವವಿರುವುದಿಲ್ಲ. ಕದ್ದವರ ಮನಸ್ಸೂ ಕುಸಿಯುತ್ತದೆ. ಊಟವಿದ್ದರೂ ಏಳಲಾಗದೆ ಮೂಲೆಯಲ್ಲಿ ಕೂತುಬಿಡುತ್ತಾರೆ.

ನಿಜವಾದ ಬೋಸ್ನಿಯಾದಲ್ಲಿ ಔಷಧದ ಕಥೆಗೆ ಇನ್ನೊಂದು ಮುಖವಿತ್ತು. ಒಂದು ಕಡೆ ಬೇಕಾದ ಔಷಧ ಸಿಗುತ್ತಿರಲಿಲ್ಲ. ಇನ್ನೊಂದು ಕಡೆ ಹೊರದೇಶಗಳಿಂದ ದಾನವಾಗಿ ಬಂದದ್ದರಲ್ಲಿ ಅವಧಿ ಮುಗಿದ, ಅಲ್ಲಿಗೆ ಬೇಡವಾದ ಔಷಧವೇ ಬಹಳ. 1996ರ ಹೊತ್ತಿಗೆ ಹೀಗೆ ಉಪಯೋಗಕ್ಕೆ ಬಾರದೆ ಬಿದ್ದಿದ್ದ ರಾಶಿ ಸುಮಾರು 17,000 ಟನ್ ಎಂದು ವೈದ್ಯಕೀಯ ಪತ್ರಿಕೆಯೊಂದರ ಲೆಕ್ಕ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆ ನಿಯಮ ಮಾಡಿತು: ಔಷಧ ತಲುಪಿದ ಮೇಲೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು. ರಜೆಗೆ ಊರಿಗೆ ಹೋಗುವಾಗ ಮಿಕ್ಕ ಮಾತ್ರೆಗಳನ್ನು ಕಟ್ಟಿಕೊಂಡು ಹೋಗಿ ಹಂಚುವ ನಮ್ಮವರೂ ಇದನ್ನು ನೆನಪಿಡಬೇಕು.

ಇದನ್ನು ಸಾಹಿತ್ಯ ಎನ್ನಬಹುದೇ? ಭಾಷೆಯ ಸೊಗಸು ಇಲ್ಲಿ ಕಡಿಮೆ. ಪಾತ್ರಗಳ ಬದುಕು ನಾಲ್ಕಾರು ಸಾಲಿನ ಟಿಪ್ಪಣಿಗಳಲ್ಲಿ ಬರುತ್ತದೆ. ಒಳ್ಳೆಯ ಕಾದಂಬರಿ ಕೊಡುವ ಮನಸ್ಸಿನ ಆಳ ಇದರಲ್ಲಿ ಸಿಗದು. ಆದರೂ ನಮ್ಮ ಉತ್ತರ ಹೌದು ಎಂದೇ. ಕಾದಂಬರಿಯಲ್ಲಿ ಪಾತ್ರ ತಪ್ಪು ಮಾಡಿದರೆ ಓದುವವರು ದೂರ ನಿಂತು ತೀರ್ಪು ಕೊಡಬಹುದು. ಇಲ್ಲಿ ಅಜ್ಜಿಯ ಔಷಧಕ್ಕೆ ಕೈ ಹಾಕುವುದು ನಮ್ಮದೇ ಬೆರಳು. "ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ" ಎಂದು ಹೇಳುವ ಸುಲಭ ದಾರಿ ಮುಚ್ಚಿಹೋಗುತ್ತದೆ. ಇನ್ನೊಬ್ಬರ ಸಂಕಟವನ್ನು ಒಳಗಿನಿಂದ ತೋರಿಸುವುದು ಸಾಹಿತ್ಯದ ಕೆಲಸವಾದರೆ, ಆ ಕೆಲಸವನ್ನು ಈ ಗೇಮ್ ಮಾಡಿದೆ. ಇತಿಹಾಸದ ಪಾಠದಲ್ಲಿ ದಿನಾಂಕ, ಒಪ್ಪಂದ, ಸತ್ತವರ ಸಂಖ್ಯೆ ಸಿಗುತ್ತವೆ. ಮಧ್ಯರಾತ್ರಿ ಒಂದು ಡಬ್ಬಿ ಮಾತ್ರೆಗೆ ಬೆಲೆ ಎಷ್ಟು ಎಂಬುದು ಅದರಲ್ಲಿ ಸಿಗುವುದಿಲ್ಲ.

ಗಲ್ಫಿನಲ್ಲಿರುವ ನಮಗೆ ಈ ವಿಷಯ ತೀರ ದೂರದ್ದಲ್ಲ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಒಂದು ಲಕ್ಷಕ್ಕೂ ಹೆಚ್ಚು ಜನ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ವಿಮಾನದಲ್ಲಿ ಊರು ಸೇರಿದರು. ದುಡಿಯಲು ಹೋದವರು, ಯಾವ ಪಕ್ಷದ ಸೈನಿಕರೂ ಅಲ್ಲದವರು, ಆ ದಿನಗಳನ್ನು ಹೇಗೆ ಕಳೆದರು ಎಂಬುದು ಇನ್ನೂ ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದಿದೆ. ಅಂಥ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ ಒಂದು ಶುಕ್ರವಾರ ಅವರ ಹತ್ತಿರ ಕೂತು ಕೇಳಿ, ಬರೆದಿಡಿ.

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಇದೇ ಕಂಪನಿ ಈ ಗೇಮಿನ ಒಂದು ವಾರದ ಲಾಭವನ್ನು ಉಕ್ರೇನಿನ ರೆಡ್ ಕ್ರಾಸ್‌ಗೆ ಕೊಟ್ಟಿತು. ಗೇಮ್ ಮೊಬೈಲಿನಲ್ಲೂ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಖಂಡಿತ ಬೇಡ. ಕಾಲೇಜು ಮೆಟ್ಟಿಲೇರಿದ ಮಗನೋ ಮಗಳೋ ಆಡುತ್ತಿದ್ದರೆ ಗದರುವ ಮೊದಲು ಪಕ್ಕದಲ್ಲಿ ಕೂತು ನೋಡಿ. ಆ ಅಜ್ಜ ಅಜ್ಜಿಯ ಮನೆಯಲ್ಲಿ ನೀನೇನು ಮಾಡಿದೆ ಎಂದು ಕೇಳಿ.